ಅಳಿಯನೊಡನೆ ಓರೆಮಾತು

ಕಾರ್ಕಳ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ: "ಕಳೆದ ಸಂಚಿಕೆಯ ಅಡುಗೆ ಪುಟದಲ್ಲಿ ರೆಂದಾಂಗ್ ಎಂಬ ಮಾಂಸದ ಅಡುಗೆಯ ಬಗ್ಗೆ ಬರೆಯುತ್ತಾ 'ಮಿನಾಂಗ್‌ಕಬಾವು ಭಾಷೆ' ಎಂದು ಹಾಕಿದ್ದೀರಿ. ನನ್ನ ಮಗ ಕೌಲಾಲಂಪುರದಲ್ಲಿ ಕೆಲಸದಲ್ಲಿದ್ದಾನೆ. ಅದು ಬೇರೆ ಭಾಷೆಯೇನಲ್ಲ, ಮಲಯದ ಹಳ್ಳಿ ರೂಪ ಅಷ್ಟೇ ಅನ್ನುತ್ತಾನೆ. ಮನೆಯಲ್ಲಿ ತುಳು ಆಡುವ ನನಗೆ ಈ ಮಾತು ಸರಿ ಕಾಣಲಿಲ್ಲ, ಆದರೆ ಏನು ಉತ್ತರ ಕೊಡಬೇಕೆಂದೂ ತೋಚಲಿಲ್ಲ. ಅಲ್ಲಿ ನಮ್ಮ ಅಳಿಯಸಂತಾನದ ಹಾಗೆ ಹೆಣ್ಣಿನ ಕಡೆಯಿಂದ ಮನೆತನ ನಡೆಯುತ್ತದಂತೆ, ಹೌದೇ? ಆ ಭಾಷೆ ಮುಂದೆ ಉಳಿಯುತ್ತದಾ?"

ಟೀಚರೇ, ನಮಸ್ಕಾರ.

ಅಡುಗೆ ಪುಟದಲ್ಲಿ ಒಂದೇ ಒಂದು ಸಾಲಿನಲ್ಲಿ ಬಂದ ಹೆಸರನ್ನು ಹಿಡಿದು ನೀವು ಇಷ್ಟು ಕೇಳಿದ್ದೀರಿ. ನನಗೆ ತುಂಬಾ ಖುಷಿಯಾಯಿತು. ಎರಡು ಸಾಲಿನ ಉತ್ತರ ಬರೆಯಲು ಕೂತೆ, ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ನಿಮ್ಮ ಮಗನ ಮಾತು. ಅವನು ಹಾಗೆ ಹೇಳಲು ಕಾರಣ ಇದೆ. ಮಿನಾಂಗ್‌ಕಬಾವು ಎಂದರೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಒಂದು ಜನ, ಚಿಕ್ಕದಾಗಿ ಮಿನಾಂಗ್ ಎನ್ನೋಣ. ಮಲಯ ಗೊತ್ತಿದ್ದವರಿಗೆ ಮಿನಾಂಗ್ ಮಾತು ಅರ್ಧಂಬರ್ಧ ಗೊತ್ತಾದ ಹಾಗೆ ಅನಿಸುತ್ತದೆ. ಎರಡೂ ಒಂದೇ ಬಳ್ಳಿಯ ಕಾಯಿಗಳು. ಮಲಯದಲ್ಲಿ ಅಕ್ಕಿಗೆ ಬೆರಸ್, ಮಿನಾಂಗ್‌ನಲ್ಲಿ ಬರೆಹ್. ಖಾರಕ್ಕೆ ಅಲ್ಲಿ ಪೆಡಸ್, ಇಲ್ಲಿ ಪಡೆಹ್. ಸಿಹಿಗೆ ಮಾನಿಸ್, ಮಾನಿಹ್. ಕಡಲಿಗೆ ಲಾವುತ್, ಲಾವುಯ್ಕ್. ಹಕ್ಕಿಗೆ ಬುರುಂಗ್, ಬುರುವಾಂಗ್. ಮೊಟ್ಟೆಗೆ ತೆಲೂರ್, ತಲುವ. ಏನು ಎಂದು ಕೇಳಲು ಅಪ, ಅಪೊ. ಪದದ ತುದಿಯಲ್ಲಿ 'ಸ್' ಇದ್ದರೆ ಉಸಿರಾಗಿ ಹೋಗುತ್ತದೆ, 'ಅ' ಇದ್ದರೆ 'ಒ' ಆಗುತ್ತದೆ, 'ರ್' ಕರಗಿಯೇ ಹೋಗುತ್ತದೆ. ಇದು ಯಾರೋ ತಪ್ಪು ತಪ್ಪಾಗಿ ಮಲಯ ಆಡಿದ್ದಲ್ಲ. ಒಂದು ನಿಯಮ ಹಿಡಿದು, ಸಾವಿರಾರು ಪದಗಳಲ್ಲಿ ತಪ್ಪದೆ ನಡೆದ ಬದಲಾವಣೆ. ನಿಮ್ಮ ಮನೆಯ ಪಿಲಿ ನಮ್ಮಲ್ಲಿ ಹುಲಿ, ನಿಮ್ಮ ಪೂ ನಮ್ಮ ಹೂ. ಹಾಗಂತ ಕನ್ನಡವನ್ನು ಕೆಟ್ಟ ತುಳು ಎಂದೋ, ತುಳುವನ್ನು ಹಳ್ಳಿಗನ್ನಡ ಎಂದೋ ಯಾರಾದರೂ ಅಂದರೆ ನಮಗಿಬ್ಬರಿಗೂ ಸಿಟ್ಟು ಬರುತ್ತದೆ, ಅಲ್ವಾ?

ಜೊತೆಗೆ, ಹೋಲದ ಪದಗಳೂ ಬೇಕಾದಷ್ಟಿವೆ. ದೊಡ್ಡದು ಎನ್ನಲು ಮಲಯದಲ್ಲಿ ಬೆಸಾರ್, ಮಿನಾಂಗ್‌ನಲ್ಲಿ ಗಡಾಂಗ್. ನಿದ್ದೆಗೆ ಅಲ್ಲಿ ತಿಡೂರ್, ಇಲ್ಲಿ ಲಾಲೋಕ್. ಒಂದು ಎನ್ನಲು ಸಾತು, ಇಲ್ಲಿ ಚಿಯೆಕ್. ಬರೀ ಮಲಯ ಬಲ್ಲವರನ್ನು ಮಿನಾಂಗ್ ನಾಡಿನ ಪಡಾಂಗ್ ಪೇಟೆಯಲ್ಲಿ ನಿಲ್ಲಿಸಿ, ಇಬ್ಬರು ಮುದುಕರ ಹರಟೆ ಕೇಳಿಸಿದರೆ ನಡುನಡುವೆ ಒಂದೆರಡು ಪದ ಕೈಗೆ ಸಿಗಬಹುದು. ಮಾತಿನ ಎಳೆ ಸಿಗುವುದಿಲ್ಲ.

ಆದರೆ ಟೀಚರೇ, ಪದ ಎಷ್ಟು ಹೋಲುತ್ತವೆ ಎಂದು ಲೆಕ್ಕ ಹಾಕಿ ಭಾಷೆ ಹೌದೋ ಅಲ್ಲವೋ ಎಂದು ತೀರ್ಮಾನ ಮಾಡುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ಯಾರು ಯಾರೊಡನೆ ಹೇಗೆ ಮಾತಾಡಬೇಕು, ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ತಡೆದುಕೊಳ್ಳಬೇಕು, ಇದನ್ನು ಒಂದು ಜನ ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡಿದ್ದರೆ ಅದು ಅವರ ಭಾಷೆ. ಮಿನಾಂಗ್ ಜನ ಇದನ್ನು ಎಷ್ಟು ಚೆನ್ನಾಗಿ ಕಟ್ಟಿಕೊಂಡಿದ್ದಾರೆ ಎಂದರೆ ಅದಕ್ಕೊಂದು ಹೆಸರೇ ಇದೆ: ಕಾತೊ ನನ್ ಅಂಪೆಕ್. ನಾಲ್ಕು ಬಗೆಯ ಮಾತು ಎಂದು ಅರ್ಥ.

ಅವರ ಊರಿನ ನೆಲವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಸುಮಾತ್ರಾ ದ್ವೀಪದ ಪಶ್ಚಿಮ ಭಾಗ. ಮರಾಪಿ, ಸಿಂಗಲಾಂಗ್ ಎಂಬ ಬೆಂಕಿಬೆಟ್ಟಗಳು. ಅವುಗಳ ಸುತ್ತ ಮೆಟ್ಟಿಲು ಮೆಟ್ಟಿಲಾದ ಗದ್ದೆ. ಎಲ್ಲಿಗೆ ಹೋಗಬೇಕಾದರೂ ಹತ್ತಬೇಕು, ಇಲ್ಲ ಇಳಿಯಬೇಕು. ಅಲ್ಲಿನ ಜನ ಮಾತನ್ನೂ ಹಾಗೇ ಹೆಸರಿಸಿದರು. ತನಗಿಂತ ಹಿರಿಯರೊಡನೆ ಆಡುವುದು ಕಾತೊ ಮಂಡಾಕಿ, ಅಂದರೆ ಹತ್ತುವ ಮಾತು. ಕಿರಿಯರೊಡನೆ ಆಡುವುದು ಕಾತೊ ಮನುರುನ್, ಇಳಿಯುವ ಮಾತು. ಅದರಲ್ಲಿ ಪ್ರೀತಿ ಇರಬೇಕು, ಗದರಿಕೆ ಇರಬಾರದು. ಓರಗೆಯವರೊಡನೆ ಕಾತೊ ಮಂಡಾತ, ಮಟ್ಟಸವಾದ ಮಾತು. ನಾಲ್ಕನೆಯದು ಕಾತೊ ಮಲೆರೆಯಾಂಗ್. ಬೆಟ್ಟದ ಪಕ್ಕೆಯಲ್ಲಿ ಹತ್ತದೆ ಇಳಿಯದೆ ಓರೆಯಾಗಿ ಹಾಯ್ದು ಹೋಗುವ ದಾರಿ ಇರುತ್ತದಲ್ಲ, ಆ ಬಗೆಯ ಮಾತು. ಅಳಿಯ, ಅತ್ತೆ, ಬಾವ, ಕುಲದ ಮುಖ್ಯಸ್ಥ, ಧರ್ಮ ತಿಳಿದವರು, ಇಂಥವರೊಡನೆ ಅದನ್ನು ಬಳಸಬೇಕು. ನೇರವಾಗಿ ಏನನ್ನೂ ಹೇಳುವಂತಿಲ್ಲ. ಉದಾಹರಣೆಗೆ ಎಂದಿಟ್ಟುಕೊಳ್ಳಿ, ಒಲೆಗೆ ಸೌದೆ ಬೇಕು. ಅತ್ತೆ ಅಳಿಯನಿಗೆ "ಸೌದೆ ಒಡೆದುಕೊಡು" ಎನ್ನುವುದಿಲ್ಲ. ಅವನು ಕೂತಿರುವಾಗ ಮಗಳ ಕಡೆ ತಿರುಗಿ "ಮಳೆ ಬರುವ ಹಾಗಿದೆ, ಸೌದೆ ಇಷ್ಟೇ ಉಳಿದಿದೆ" ಎನ್ನುತ್ತಾಳೆ. ಅಳಿಯ ಜಾಣನಾದರೆ ಎದ್ದು ಹೋಗುತ್ತಾನೆ. ದೊಡ್ಡ ವಿಷಯವಾದರೆ ಗಾದೆ, ಒಗಟು, ನಾಲ್ಕು ಸಾಲಿನ ಪಾಂತುನ್ ಪದ್ಯ, ಎಲ್ಲಾ ಬರುತ್ತವೆ.

ಸರ್ವನಾಮಗಳೂ ಇದೇ ಕಥೆ ಹೇಳುತ್ತವೆ. ತಗ್ಗಿ ನಡೆಯುವಾಗ ನಾನು ಎನ್ನಲು ಅಂಬೊ. ಸಲಿಗೆಯಲ್ಲಿ, ಕೆಲವೊಮ್ಮೆ ಒರಟಾಗಿ, ಡೆನ್. ಸಲಿಗೆಯ 'ನೀನು' ಗಂಡಿಗಾದರೆ ವಾಂಗ್, ಹೆಣ್ಣಿಗಾದರೆ ಕಾವ್. ಹಿರಿಯರಿಗೆ ಇವೆರಡನ್ನೂ ಬಳಸುವ ಹಾಗಿಲ್ಲ, ಉಡಾ (ಅಣ್ಣ), ಉನಿ (ಅಕ್ಕ), ಮಾಮಾಕ್ (ಸೋದರಮಾವ) ಎಂದು ನಂಟಿನ ಹೆಸರಿಂದಲೇ ಕರೆಯಬೇಕು. ತುಳುವಿನ 'ಈ' (ನೀನು) ಮತ್ತು 'ಈರ್' (ನೀವು) ನಡುವೆ ಎಷ್ಟು ದೂರ ಇದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು ಅವಾಕ್ ಎಂಬ ಪದ ನನಗೆ ತುಂಬಾ ಇಷ್ಟ. 'ನಾನು' ಎಂದೂ ಅದೇ, 'ನಾವು' ಎಂದೂ ಅದೇ. ಮಿನಾಂಗ್ ಜನ ತಮ್ಮನ್ನು ತಾವು ಕರೆದುಕೊಳ್ಳುವುದು ಉರಾಂಗ್ ಅವಾಕ್ ಎಂದು. ನಮ್ಮ ಜನ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೌದು, ಅಳಿಯಸಂತಾನವನ್ನು ತುಂಬಾ ಹೋಲುತ್ತದೆ. ಕುಲ ತಾಯಿಯಿಂದ ಬರುತ್ತದೆ. ಅದಕ್ಕೆ ಸುಕು ಎಂದು ಹೆಸರು. ತುಳುವರ ಕುಲಕ್ಕೆ ನೀವು ಹೇಳುವ 'ಬರಿ' ಇದ್ದ ಹಾಗೆ, ಒಂದೇ ಸುಕುವಿನೊಳಗೆ ಮದುವೆ ಆಗಬಾರದೆಂಬುದು ಸಂಪ್ರದಾಯ. ಹಿಂದಿನಿಂದ ಬಂದ ಗದ್ದೆ, ಮನೆ ಎಲ್ಲಾ ಹೆಣ್ಣಿನ ಸಾಲಿನಲ್ಲೇ ಇಳಿಯುತ್ತವೆ. ರುಮಾ ಗಡಾಂಗ್ ಎಂದರೆ ದೊಡ್ಡಮನೆ. ಅದರ ಮಾಡು ಎಮ್ಮೆಯ ಕೊಂಬಿನ ಹಾಗೆ ಎರಡೂ ಕಡೆ ಮೇಲಕ್ಕೆ ಬಾಗಿರುತ್ತದೆ. ಒಳಗಿನ ಕೋಣೆಗಳು ಹೆಣ್ಣುಮಕ್ಕಳದ್ದು. ಮನೆಯ ವಿಷಯದಲ್ಲಿ ಮಾತು ನಡೆಯುವುದು ಸೋದರಮಾವನದ್ದು. "ಮಗುವನ್ನು ತೊಡೆಯ ಮೇಲೆ ಕೂರಿಸಿಕೋ, ಸೋದರಳಿಯನ ಕೈ ಹಿಡಿದು ನಡೆಸು" ಎಂಬುದು ಗಂಡಸಿಗೆ ಅವರು ಹೇಳುವ ಗಾದೆ. ಮದುವೆಯಾಗಿ ಬಂದ ಗಂಡನಿಗೆ ಉರಾಂಗ್ ಸುಮಾಂಡೊ ಎನ್ನುತ್ತಾರೆ. ಅವನ ಸ್ಥಿತಿಗೆ ಒಂದು ಮಾತಿದೆ: ಕಡಿದ ಮರದ ಬುಡದ ಮೇಲಿನ ಬೂದಿಯ ಹಾಗೆ. ಗಾಳಿ ಬಂದರೆ ಹಾರಿಹೋಗುತ್ತದೆ. ಓರೆಮಾತು ಯಾಕೆ ಬೇಕಾಯಿತು ಎಂದು ಈಗ ಗೊತ್ತಾಗುತ್ತದೆ. ಅಳಿಯ ಆ ಮನೆಯಲ್ಲಿ ಅತಿಥಿ. ಅವನ ಮನಸ್ಸು ನೋಯಬಾರದು. ಅವನಿಗೆ ಅಪ್ಪಣೆ ಕೊಡುವ ಹಕ್ಕು ಅತ್ತೆಗಿಲ್ಲ, ಆದರೂ ಸಂಸಾರ ಸಾಗಬೇಕು. ಮನೆಯ ವ್ಯವಸ್ಥೆಯೇ ವ್ಯಾಕರಣ ಆಗಿದೆ ನೋಡಿ.

ಇವರೆಲ್ಲ ಮುಸ್ಲಿಮರು, ಭಕ್ತಿ ಜಾಸ್ತಿ ಇರುವವರು. ತಾಯಿಯ ಸಾಲಿನ ಆಸ್ತಿ ಮತ್ತು ಇಸ್ಲಾಂ ಎರಡನ್ನೂ ಹೇಗೆ ಹೊಂದಿಸಿಕೊಂಡರು ಎಂಬುದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು: ಪೂರ್ವಜರಿಂದ ಬಂದದ್ದು ತಾಯಿಯ ಸಾಲಿಗೆ, ತಾನೇ ದುಡಿದದ್ದು ಧರ್ಮದ ನಿಯಮದಂತೆ ಮಕ್ಕಳಿಗೆ.

ಒಂದು ಗಾದೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. "ನನ್ ಕುರಿಯಾಕ್ ಕುಂಡಿ, ನನ್ ಮೇರಾ ಸಾಗೊ, ನನ್ ಬಾಯಿಯಾಕ್ ಬುದಿ, ನನ್ ಇಂಡಾ ಬಾಸೊ." ಚುಕ್ಕೆಯದ್ದು ಕುಂಡಿ ಬೀಜ (ನಮ್ಮ ಗುಲಗಂಜಿಯಂಥದ್ದು), ಕೆಂಪಗಿರುವುದು ಸಾಗೊ ಬೀಜ, ಒಳ್ಳೆಯದು ಬುದಿ, ಚೆಂದದ್ದು ಬಾಸೊ. ಬುದಿ ನಮ್ಮ ಬುದ್ಧಿಯೇ, ಅಲ್ಲಿ ಒಳ್ಳೆಯ ನಡತೆ ಎಂಬ ಅರ್ಥ ಪಡೆದಿದೆ. ಬಾಸೊ ಎಂದರೆ ಭಾಷೆ. ಅದೇ ಪದ ಮರ್ಯಾದೆಗೂ ಸಲ್ಲುತ್ತದೆ. ಭಾಷೆ ಗೊತ್ತಿದೆ ಎಂದರೆ ಮರ್ಯಾದೆ ಗೊತ್ತಿದೆ ಎಂದು ಅರ್ಥವಾಗುವಂಥ ಜಾಗ ಅದು. ಮೇಲೆ ಹೇಳಿದ ಕಾತೊ ಕೂಡ ನಮ್ಮ 'ಕಥೆ' ಬಂದ ಸಂಸ್ಕೃತದ ಮೂಲದ್ದೇ.

ಇಂಥ ಪದಗಳು ಅಲ್ಲಿ ತುಂಬಾ ಇವೆ. ಅವರ ಊರಾಡಳಿತದ ಘಟಕಕ್ಕೆ ನಗರಿ ಎನ್ನುತ್ತಾರೆ. ನಮಗೆ ನಗರ ಎಂದರೆ ಪಟ್ಟಣ, ಅವರಿಗೆ ನಗರಿ ಎಂದರೆ ತನ್ನ ಕಾಲ ಮೇಲೆ ನಿಂತ ಹಳ್ಳಿ. ಅದಕ್ಕೆ ಸಭೆ ಸೇರುವ ಮನೆ ಬೇಕು, ಮಸೀದಿ ಬೇಕು, ದಾರಿ ಬೇಕು, ಮೀಯುವ ಕಡವು ಬೇಕು. ಅದಕ್ಕಿಂತ ಸಣ್ಣದು ಕೊತೊ, ನಮ್ಮ ಕೋಟೆಯ ಪದವೇ. ತಾನಾ ದಾತಾರ್ ಜಿಲ್ಲೆಯಲ್ಲಿ 14ನೇ ಶತಮಾನದ ರಾಜ ಆದಿತ್ಯವರ್ಮನ ಕಾಲದ ಶಾಸನಗಳಿವೆ. ಅವುಗಳಲ್ಲಿ ಒಂದು, ಬಂದಾರ್ ಬಾಪಾಹತ್ ಎಂಬಲ್ಲಿಯದ್ದು, ನೀರಿನ ಕಾಲುವೆಯ ಪಕ್ಕದ ಬಂಡೆಯ ಮೇಲಿತ್ತು. ಅದರಲ್ಲಿ ದಕ್ಷಿಣ ಭಾರತದ ಗ್ರಂಥ ಲಿಪಿಯ ಸಾಲುಗಳೂ ಇವೆ. ನಮ್ಮ ಕಡೆಯ ಅಕ್ಷರ ಅಷ್ಟು ದೂರದ ಗದ್ದೆ ಬಯಲಿಗೆ ಹೋಗಿ ಕೂತಿದೆ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಉಳಿಯುತ್ತದಾ?

ಲೆಕ್ಕ ನೋಡಿದರೆ ಭಯ ಬೇಡ ಅನಿಸುತ್ತದೆ. 2010ರ ಇಂಡೋನೇಷ್ಯಾ ಜನಗಣತಿಯಲ್ಲಿ ಮಿನಾಂಗ್ ಜನ ಸುಮಾರು 64 ಲಕ್ಷ. ನಮ್ಮ 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಎಂದು ಬರೆಸಿದವರು 18 ಲಕ್ಷ ಚಿಲ್ಲರೆ. ಆದರೆ ಆ 64 ಲಕ್ಷದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಪಶ್ಚಿಮ ಸುಮಾತ್ರಾದಿಂದ ಹೊರಗಿದೆ. ಊರು ಬಿಟ್ಟು ಹೋಗುವುದು ಅವರಲ್ಲಿ ಸಂಪ್ರದಾಯ, ಅದಕ್ಕೆ ಮರಂತಾವ್ ಎನ್ನುತ್ತಾರೆ. ದೊಡ್ಡಮನೆಯಲ್ಲಿ ಹುಡುಗರಿಗೆ ಕೋಣೆ ಇಲ್ಲ. ಸ್ವಲ್ಪ ಬೆಳೆದ ಮೇಲೆ ಸುರಾವ್ ಎಂಬ ಪ್ರಾರ್ಥನಾ ಮನೆಯಲ್ಲೇ ಮಲಗುತ್ತಿದ್ದರು, ಅಲ್ಲೇ ಓದು, ಅಲ್ಲೇ ವರಸೆ ಕಲಿಯುವುದು. ಆಮೇಲೆ ಊರು ಬಿಡುವುದು. ಊರಿನಲ್ಲಿ ಇನ್ನೂ ಉಪಯೋಗಕ್ಕೆ ಬಾರದವನು ಮೊದಲು ಹೊರಗೆ ಹೋಗಿ ಬಾ ಎನ್ನುವ ಪದ್ಯ ಅಲ್ಲಿ ಮಕ್ಕಳಿಗೂ ಗೊತ್ತು. ಇಂಡೋನೇಷ್ಯಾದ ಯಾವ ಪೇಟೆಗೆ ಹೋದರೂ ಪಡಾಂಗ್ ಊಟದ ಹೋಟೆಲು ಇರುವುದು ಇದಕ್ಕೇ.

ಹೀಗೆ ಹೋದವರು ಬರೀ ಹೋಟೆಲು ಇಡಲಿಲ್ಲ. ಇಂಡೋನೇಷ್ಯಾದ ಮೊದಲ ಉಪಾಧ್ಯಕ್ಷ ಮೊಹಮ್ಮದ್ ಹತ್ತಾ ಬುಕಿತ್ತಿಂಗಿಯಲ್ಲಿ ಹುಟ್ಟಿದವರು. ಮೊದಲ ಪ್ರಧಾನಿ ಸುತಾನ್ ಶಹರೀರ್ ಪಡಾಂಗ್ ಪಾಂಜಾಂಗ್‌ನವರು. ಸ್ವಾತಂತ್ರ್ಯ ಹೋರಾಟದ ನಾಯಕರಾದ ತಾನ್ ಮಲಾಕ, ಆಗುಸ್ ಸಲೀಂ ಇಬ್ಬರೂ ಮಿನಾಂಗ್. ದೇಶದಲ್ಲಿ ನೂರಕ್ಕೆ ಮೂರು ಜನವೂ ಇಲ್ಲದ ಸಮುದಾಯದಿಂದ ಇಷ್ಟು ಜನ. 1928ರ ಅಕ್ಟೋಬರ್ 28ರಂದು ತರುಣರು "ಒಂದು ನೆಲ, ಒಂದು ಜನ, ಒಂದು ಭಾಷೆ ಇಂಡೋನೇಷ್ಯಾ" ಎಂಬ ಅರ್ಥದ ಪ್ರತಿಜ್ಞೆ ಮಾಡಿದರಲ್ಲ, ಅದರ ಪದಗಳನ್ನು ಬರೆದವರು ಮಿನಾಂಗ್ ನಾಡಿನ ಮುಹಮ್ಮದ್ ಯಾಮಿನ್. ಅದಕ್ಕೂ ಮೊದಲು, 1901ರಲ್ಲಿ ಡಚ್ಚರ ಕಾಲದಲ್ಲಿ, ಇಂಡೋನೇಷ್ಯನ್ ಭಾಷೆಗೆ ಬುಡವಾದ ಮಲಯಕ್ಕೆ ರೋಮನ್ ಅಕ್ಷರದ ಕಾಗುಣಿತ ಗೊತ್ತುಮಾಡಿದಾಗ ಡಚ್ ಭಾಷಾ ವಿದ್ವಾಂಸ ಫಾನ್ ಒಫೊಯ್ಸನ್ ಅವರ ಜೊತೆ ಕೂತು ಕೆಲಸ ಮಾಡಿದವರೂ ಮಿನಾಂಗ್ ಕಡೆಯ ಮೇಷ್ಟ್ರುಗಳು. ಆಧುನಿಕ ಇಂಡೋನೇಷ್ಯನ್ ಸಾಹಿತ್ಯದ ಮೊದಲ ತಲೆಮಾರಿನ ಕಾದಂಬರಿಕಾರರಲ್ಲಿ ಬಹಳಷ್ಟು ಜನ ಅಲ್ಲಿಯವರೇ. ಅಂದರೆ ದೇಶಕ್ಕೊಂದು ಭಾಷೆ ಕಟ್ಟಲು ಇವರು ಮನಸಾರೆ ದುಡಿದರು. ಅದೇ ಭಾಷೆ ಇವತ್ತು ಅವರ ಅಡುಗೆಮನೆಗೆ ಬಂದು ಕೂತಿದೆ. ಇದು ನನಗೆ ತುಂಬಾ ಕಾಡುವ ವಿಷಯ. ಯಾರೂ ಹೊಡೆದು ಬಡಿದು ಬಿಡಿಸಿದ್ದಲ್ಲ. ಶಾಲೆ ನಡೆಯುವುದು ಇಂಡೋನೇಷ್ಯನ್‌ನಲ್ಲಿ. ಪಡಾಂಗ್‌ನಂಥ ಪೇಟೆಗಳಲ್ಲಿ ಎಷ್ಟೋ ಅಪ್ಪ ಅಮ್ಮ ತಮ್ಮ ತಮ್ಮಲ್ಲಿ ಮಿನಾಂಗ್ ಆಡಿ, ಮಗುವಿನ ಕಡೆ ತಿರುಗಿದಾಗ ಇಂಡೋನೇಷ್ಯನ್‌ಗೆ ಬರುತ್ತಾರೆ. ಮಗುವಿಗೆ ಒಳ್ಳೆಯದಾಗಲಿ ಎಂದೇ. ಜಕಾರ್ತಾದಲ್ಲಿ ಹುಟ್ಟಿದ ಮಕ್ಕಳಿಗೆ ಅರ್ಥವಾಗುತ್ತದೆ, ಉತ್ತರ ಕೊಡಲು ಬರುವುದಿಲ್ಲ. ಬೆಂಗಳೂರಿಗೆ ಬಂದ ತುಳು, ಕೊಡವ, ಹವ್ಯಕ ಮನೆಗಳಲ್ಲಿ ನಾನು ನೋಡಿದ್ದೂ ಇದೇ.

ಸರಕಾರದ ಕೈ ಇಲ್ಲವೇ ಇಲ್ಲ ಎಂದಲ್ಲ. 1958ರಲ್ಲಿ ಪಶ್ಚಿಮ ಸುಮಾತ್ರಾದಲ್ಲಿ ಜಕಾರ್ತಾದ ವಿರುದ್ಧ ಬಂಡಾಯ ಎದ್ದಿತು, ಸೋತಿತು. ಆ ಮೇಲೆ ಊರು ಬಿಟ್ಟವರು ತುಂಬಾ ಜನ. ಎಷ್ಟೋ ತಾಯಿತಂದೆ ಮಕ್ಕಳಿಗೆ ಜಾವಾ ಕಡೆಯ ಹೆಸರಿಟ್ಟರು, ಮಿನಾಂಗ್ ಎಂದು ಹೆಸರಿನಿಂದ ಗೊತ್ತಾಗದಿರಲಿ ಎಂದು. ಅದನ್ನು ಓದಿದಾಗ ನನಗೆ ಸಂಕಟವಾಯಿತು. 1979ರಲ್ಲಿ ಇಡೀ ದೇಶಕ್ಕೆ ಒಂದೇ ಬಗೆಯ ಹಳ್ಳಿ ಆಡಳಿತ ಬೇಕೆಂದು ಕಾಯ್ದೆ ಬಂತು. ಐನೂರಕ್ಕೂ ಹೆಚ್ಚು ನಗರಿಗಳನ್ನು ಒಡೆದು ಮೂರು ಸಾವಿರಕ್ಕೂ ಹೆಚ್ಚು 'ದೇಸಾ' ಮಾಡಿದರು. ನಗರಿ ಒಡೆದರೆ ಭಾಷೆಗೇನು ಎಂದು ಕೇಳಬಹುದು. ನಗರಿಯ ಸಭೆಯಲ್ಲಿ, ಮದುವೆಯಲ್ಲಿ, ಊಟಕ್ಕೆ ಕೂರುವ ಮೊದಲು ಆಡುವ ಪಸಂಬಾಹನ್ ಎಂಬ ಮಾತುಗಾರಿಕೆ ಇದೆ. ಆತಿಥೇಯರ ಕಡೆಯವನೊಬ್ಬ, ಅತಿಥಿಗಳ ಕಡೆಯವನೊಬ್ಬ, ಗಾದೆಗೆ ಗಾದೆ ಹೆಣೆದು ಗಂಟೆಗಟ್ಟಲೆ ಮಾತಾಡುತ್ತಾರೆ. ತಾಳಮದ್ದಲೆಯ ಅರ್ಥಧಾರಿಗಳನ್ನು ಕೇಳಿದ ನಿಮಗೆ ಇದರ ರುಚಿ ಗೊತ್ತಾಗುತ್ತದೆ. ಇಂಥ ಮಾತಿಗೆ ಕೂರಲು ಜಾಗ ಬೇಕು, ಕೇಳಲು ಊರು ಬೇಕು. 2000ದಲ್ಲಿ ನಗರಿ ಮತ್ತೆ ಬಂತು. ಬಂದದ್ದು ಒಳ್ಳೆಯದಾಯಿತು. ನಡುವಿನ ಇಪ್ಪತ್ತು ವರ್ಷದಲ್ಲಿ ಬೆಳೆದ ಹುಡುಗರು ಮಾತ್ರ ಅದಿಲ್ಲದೆ ಬೆಳೆದರು.

ಊರಿನ ಹೆಸರುಗಳನ್ನೇ ನೋಡಿ. ಜನ ಬುಕಿಕ್ ತಿಂಗಿ ಎನ್ನುತ್ತಾರೆ, ಬೋರ್ಡಿನಲ್ಲಿ ಬುಕಿತ್ತಿಂಗಿ. ಜನ ಪಾಯಕುಂಬುವಾ ಎನ್ನುತ್ತಾರೆ, ನಕ್ಷೆಯಲ್ಲಿ ಪಾಯಕುಂಬು. ಲಿಮೊ ಪುಲುವಾ ಕೊತೊ ಎಂದರೆ ಐವತ್ತು ಕೊತೊಗಳ ನಾಡು. ಅದನ್ನು ಇಂಡೋನೇಷ್ಯನ್ ಮಾಡಿ ಲಿಮಾ ಪುಲು ಕೋತಾ ಎಂದು ಬರೆದರು. ಇಂಡೋನೇಷ್ಯನ್‌ನಲ್ಲಿ ಕೋತಾ ಎಂದರೆ ಪಟ್ಟಣ. ಗದ್ದೆ ಬಯಲಿನ ಹಳ್ಳಿನಾಡು ಕಾಗದದ ಮೇಲೆ ಐವತ್ತು ಪಟ್ಟಣ ಆಗಿಹೋಯಿತು!

ಅಂತರ್ಜಾಲದ ಲೆಕ್ಕದಿಂದಲೂ ಸಮಾಧಾನ ಪಡುವ ಹಾಗಿಲ್ಲ. ಮಿನಾಂಗ್ ವಿಕಿಪೀಡಿಯಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಲೇಖನಗಳಿವೆ, ನಮ್ಮ ಕನ್ನಡದ್ದಕ್ಕಿಂತ ಎಷ್ಟೋ ಪಟ್ಟು. ಆದರೆ ಅವುಗಳಲ್ಲಿ ಬಹುಪಾಲು ಕೀಟ, ಗಿಡಗಳ ಬಗ್ಗೆ ಯಂತ್ರ ಬರೆದ ಎರಡು ಮೂರು ಸಾಲು. ಅಲ್ಲಿ ಅತ್ತೆಯೂ ಇಲ್ಲ, ಅಳಿಯನೂ ಇಲ್ಲ.

ನನಗನಿಸುವುದು ಹೀಗೆ ಟೀಚರೇ. ಮಿನಾಂಗ್ ಪದಗಳು ಸದ್ಯಕ್ಕೆ ಎಲ್ಲಿಗೂ ಹೋಗುವುದಿಲ್ಲ. ಹಾಡುಗಳಿವೆ, ಹಾಸ್ಯದ ವಿಡಿಯೋಗಳಿವೆ. ಲಪಾವ್ ಎಂಬ ಕಾಫಿ ಅಂಗಡಿಗಳಲ್ಲಿ ಸಂಜೆ ಹರಟೆ ಇನ್ನೂ ಬಿಸಿಯಾಗಿದೆ. ಕೈತಪ್ಪುತ್ತಿರುವುದು ಆ ನಾಲ್ಕನೇ ಮಾತು. ಗೆಳೆಯರಿಂದ, ಫೋನಿನಿಂದ ಕಲಿತ ಹುಡುಗನಿಗೆ ಮಟ್ಟಸದ ಮಾತು ಮಾತ್ರ ಬರುತ್ತದೆ. ಅವನು ಸೋದರಮಾವನಿಗೂ ಅದನ್ನೇ ಆಡಿದರೆ ಮನೆಯವರಿಗೆ ಕಿವಿ ಸುಟ್ಟ ಹಾಗಾಗುತ್ತದೆ. ಅವನಿಗೆ ಹೆದರಿಕೆಯಾಗಿ, ಮರ್ಯಾದೆ ಬೇಕಾದ ಕಡೆಯೆಲ್ಲ ಇಂಡೋನೇಷ್ಯನ್‌ಗೆ ಹಾರುತ್ತಾನೆ. ಈಗಿನ ಹುಡುಗರಿಗೆ ಕಾತೊ ನನ್ ಅಂಪೆಕ್ ಗೊತ್ತಿಲ್ಲ ಎಂಬ ಕೊರಗು ಅಲ್ಲಿನ ಹಿರಿಯರ ಬಾಯಲ್ಲಿ ಯಾವಾಗಲೂ ಇರುತ್ತದೆ. ಆದರೆ ಹುಡುಗನನ್ನು ಬೈದರೆ ಬರುವುದಿಲ್ಲ. ಓರೆಮಾತು ಕಲಿಯಬೇಕಾದರೆ ಅತ್ತೆ ಅಳಿಯ ಒಂದೇ ಜಗಲಿಯಲ್ಲಿ ಕೂರುವುದನ್ನು ಅವನು ನೋಡಬೇಕು. ಶಾಲೆಯ ಪಾಠದಲ್ಲಿ ಅದನ್ನು ಕಲಿಸಬಹುದು ಎಂದು ನನಗೆ ನಂಬಿಕೆ ಇಲ್ಲ. ನೀವು ಶಾಲೆಯಲ್ಲಿ ದುಡಿದವರು, ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ದಯವಿಟ್ಟು ಬರೆಯಿರಿ, ಹಾಕುತ್ತೇನೆ.

ನಿಮ್ಮ ಮಗನಿಗೂ ಒಂದು ಮಾತು. ಅವನಿರುವ ಕೌಲಾಲಂಪುರದಿಂದ ಸೆರೆಂಬಾನ್ ಸುಮಾರು 60 ಕಿಲೋಮೀಟರ್. ಅದು ನೆಗೆರಿ ಸೆಂಬಿಲಾನ್ ರಾಜ್ಯದ ರಾಜಧಾನಿ. ಹಿಂದೆ ಸುಮಾತ್ರಾದಿಂದ ಬಂದ ಮಿನಾಂಗ್ ಜನ ನೆಲೆಸಿದ ನಾಡು. ಅಲ್ಲಿ ತಾಯಿಯ ಸಾಲಿನ ಕಟ್ಟಳೆ ಇನ್ನೂ ಇದೆ, ಕೊಂಬಿನ ಮಾಡಿನ ಕಟ್ಟಡಗಳೂ ಕಾಣಸಿಗುತ್ತವೆ. ಒಂದು ಭಾನುವಾರ ಹೋಗಿಬರಲಿ. ಮತ್ತೆ ಅವನು ಪಡಾಂಗ್ ಊಟದ ಹೋಟೆಲಿಗೆ ಹೋದಾಗ, ಇನ್ನೊಂದು ಸಲ ಅನ್ನ ಬೇಕಾದರೆ ಬಡಿಸುವವರಿಗೆ "ತಂಬುವಾ ಚಿಯೆಕ್, ಉಡಾ" ಎನ್ನಲಿ. ಇನ್ನೊಂದು ಹಾಕಿ ಅಣ್ಣಾ ಎಂದಷ್ಟೇ ಅದರ ಅರ್ಥ. ಅವರು ತಟ್ಟೆ ಹಿಡಿದವರು ಹಾಗೇ ನಿಂತು "ಉರಾಂಗ್ ಅವಾಕ್?" ಎಂದು ಕೇಳಬಹುದು, ನಮ್ಮ ಜನವಾ ಎಂದು. ಆಗ "ಇಂದಾಕ್, ಉಡಾ" ಎಂದರೆ ಸಾಕು. ಇಂದಾಕ್ ಎಂದರೆ ಇಲ್ಲ. ಮಲಯದ ತಿಡಾಕ್ ಎಂಬ ಪದದ ಜೋಡಿ ಅದು.

ಸಂ.